ಕುಕ್ಕರ್ ಹನ್ನೊಂದು ಸಲ ಕೂಗಿತು

ಬೆಂಗಳೂರಿಗೆ ವರ್ಗವಾಗಿ ಬಂದಾಗ ನನಗೆ 52. ಬ್ಯಾಂಕಿನ ಕೆಲಸ, ವರ್ಗವೇನೂ ಹೊಸದಲ್ಲ. ಹಿಂದೆಲ್ಲ ಸಂಸಾರ ಸಮೇತ ಗಂಟುಮೂಟೆ ಕಟ್ಟಿದ್ದೆವು. ಈ ಸಲ ಅದು ಆಗಲಿಲ್ಲ. ಹೆಂಡತಿ ಶಿವಮೊಗ್ಗದಲ್ಲಿ ಹೈಸ್ಕೂಲು ಟೀಚರ್. ಮಗಳು ಆಗಷ್ಟೇ ಪಿಯುಸಿ ಸೇರಿದ್ದಳು. ಅಮ್ಮನಿಗೆ ಮಂಡಿನೋವು, ಊರು ಬಿಟ್ಟು ಬರಲ್ಲ ಅಂದರು. ಹೀಗಾಗಿ 2023ರ ಜೂನ್‌ನಲ್ಲಿ ಒಂದು ಸೂಟ್‌ಕೇಸು, ಒಂದು ಹಾಸಿಗೆ, ಮೂರು ಲೀಟರಿನ ಒಂದು ಕುಕ್ಕರ್ ಹಿಡಿದು ನಾನೊಬ್ಬನೇ ಬಂದಿಳಿದೆ.

ಮನೆ ಹುಡುಕುವಾಗ ಮೊದಲ ಪೆಟ್ಟು ಬಿತ್ತು. ಬ್ರೋಕರ್ ಹುಡುಗ ನನ್ನ ನರೆತ ಮೀಸೆ ನೋಡಿಕೊಂಡೇ ಕೇಳಿದ, "ಸರ್, ಫ್ಯಾಮಿಲಿನಾ, ಬ್ಯಾಚುಲರ್ರಾ?" ಫ್ಯಾಮಿಲಿ ಇದೆ, ಆದರೆ ಇಲ್ಲಿ ಇರಲ್ಲ ಅಂದೆ. "ಹಂಗಾದ್ರೆ ಬ್ಯಾಚುಲರ್ ಸರ್" ಅಂತ ತೀರ್ಪು ಕೊಟ್ಟೇಬಿಟ್ಟ. ನಾಲ್ಕು ಮನೆಯವರು ಫೋನಿನಲ್ಲೇ ಬೇಡ ಅಂದರು. ಐದನೆಯವರು, ಅಂದರೆ ಈಗಿನ ಓನರ್, ನನ್ನ ಹೆಂಡತಿ, ಮಗಳು ಇಬ್ಬರೂ ಒಂದು ಸಲ ಬಂದು ಮುಖ ತೋರಿಸಿ ಹೋದ ಮೇಲೆಯೇ ಅಗ್ರಿಮೆಂಟಿಗೆ ಸಹಿ ಹಾಕಿದ್ದು. ಬಾಡಿಗೆ 16,000, ಅಡ್ವಾನ್ಸ್ ಹತ್ತು ತಿಂಗಳದ್ದು. ಮದುವೆಯಾಗಿ 24 ವರ್ಷವಾದ ಮೇಲೆ ನಾನು ಮದುವೆಯಾದವನು ಅಂತ ಸಾಬೀತು ಮಾಡಬೇಕಾಯಿತು ನೋಡಿ.

ಮನೆ ಇರುವುದು ಚಂದ್ರಾ ಲೇಔಟ್ ಕಡೆ, ಎರಡನೇ ಮಹಡಿ. ಒಂದು ರೂಮು, ಒಂದು ಹಾಲು, ಮಂಚದಷ್ಟು ದೊಡ್ಡ ಬಾಲ್ಕನಿ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್, ಅಲ್ಲಿಂದ ನಡೆದರೆ ಬ್ರಾಂಚು. ಅಡುಗೆಮನೆಯ ಕಿಟಕಿ ಮಾತ್ರ ಹೊರಗಿನ ಕಾರಿಡಾರಿಗೆ ತೆರೆದುಕೊಳ್ಳುತ್ತದೆ. ಹೆಂಡತಿ ಅದನ್ನು ನೋಡಿ ಮೂಗು ಮುರಿದಿದ್ದಳು. "ಇಲ್ಲಿ ಒಗ್ಗರಣೆ ಹಾಕಿದ್ರೆ ಬಿಲ್ಡಿಂಗಿಗೆಲ್ಲ ಗೊತ್ತಾಗುತ್ತಲ್ರೀ." ಒಗ್ಗರಣೆ ಹಾಕುವವರು ಯಾರು ಅಂತ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಆ ಕಿಟಕಿಯ ಕಥೆ ಮುಂದೆ ಇದೆ.

ಮೊದಲ ಎರಡು ತಿಂಗಳು ದರ್ಶಿನಿಯಲ್ಲೇ ಊಟ, ತಿಂಡಿ. ಆಮೇಲೆ ಹೊಟ್ಟೆ ಬೇಡ ಅಂತು. ದಿನಾ ರಾತ್ರಿ ಫೋನಿನಲ್ಲಿ ಪಾಠ ಶುರುವಾಯಿತು. ಅನ್ನಕ್ಕೆ ನೀರೆಷ್ಟು? ಬೇಳೆಗೆ ಎಷ್ಟು ಕೂಗು? "ಬೇಳೆಗೆ ಮೂರು. ನಾಲ್ಕಾದ್ರೂ ಪರವಾಗಿಲ್ಲ. ಆಮೇಲೆ ಮರ್ತು ಟಿವಿ ಮುಂದೆ ಕೂರ್‍ಬೇಡಿ." ಉಪ್ಪೆಷ್ಟು ಅಂತ ಕೇಳಿದರೆ "ರುಚಿಗೆ ತಕ್ಕಷ್ಟು" ಅನ್ನುವಳು. ಯಾವ ರುಚಿ, ಎಷ್ಟು ತಕ್ಕಷ್ಟು? ಸಾಲದ ಅರ್ಜಿಯಲ್ಲಿ "ಬೇಕಾದಷ್ಟು" ಅಂತ ಯಾರಾದರೂ ಬರೆದರೆ ನಾನು ಬಿಡುತ್ತೇನಾ?

ಒಬ್ಬನೇ ಇರುವುದರ ಮೊದಲ ತೊಂದರೆ ಬೇಜಾರು ಅಂದುಕೊಂಡಿದ್ದೆ. ಅಲ್ಲ, ಅಳತೆ. ಅಂಗಡಿಯಲ್ಲಿರುವುದೆಲ್ಲ ಸಂಸಾರದ ಅಳತೆಯದು. ಕೊತ್ತಂಬರಿ ಕಟ್ಟು ತಂದರೆ ಮೂರನೇ ದಿನಕ್ಕೆ ಫ್ರಿಡ್ಜ್‌ನಲ್ಲಿ ಲೋಳೆಯಾಗುತ್ತದೆ. ಒಂದು ಚಿಪ್ಪು ಬಾಳೆಹಣ್ಣಿನಲ್ಲಿ ನಾಲ್ಕು ತಿಂದು ಉಳಿದದ್ದು ಕಪ್ಪಾಗುತ್ತದೆ. ದೋಸೆ ಹಿಟ್ಟಿನ ಪ್ಯಾಕೆಟ್ ಒಡೆದರೆ ಸೋಮವಾರ ದೋಸೆ, ಮಂಗಳವಾರ ದೋಸೆ, ಬುಧವಾರ ಹುಳಿ ದೋಸೆ, ಗುರುವಾರ ಈರುಳ್ಳಿ ಹಾಕಿ ಹುಳಿ ಮುಚ್ಚಿದ ದೋಸೆ. ಕುಂಬಳಕಾಯಿಯನ್ನಾದರೂ ಹೋಳು ಮಾಡಿ ಕೊಡುತ್ತಾರೆ. ಹೂಕೋಸನ್ನು ಯಾರೂ ಕೊಡುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ತೆಂಗಿನಕಾಯಿ. ಒಡೆದರೆ ಎರಡು ಹೋಳು. ನನಗೆ ಬೇಕಾದದ್ದು ಕಾಲು. ಉಳಿದದ್ದು ಎರಡೇ ದಿನಕ್ಕೆ ಲೋಳೆ ಲೋಳೆ, ಆಮೇಲೆ ನಸುಗೆಂಪು ಬಣ್ಣ.

ಮಲೆನಾಡಿನವನಿಗೆ ಕಾಯಿ ಇಲ್ಲದೆ ಆಗುವುದಿಲ್ಲ. ತಂಬುಳಿ ಒಂದಿದ್ದರೆ ನನ್ನ ರಾತ್ರಿಯ ಊಟ ಮುಗಿಯಿತು. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇದೆ. ಮೂರು ದಿನ ನೀರು ಹಾಕದಿದ್ದರೂ ಬೇಸರಪಡದ ಗಿಡ ಅದು. ಏಳೆಂಟು ಎಲೆ ಕಿತ್ತು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಬೇಕು. ಎಲೆ ತುಪ್ಪಕ್ಕೆ ಬಿದ್ದ ಕೂಡಲೇ ಮುದುಡಿ ಕಪ್ಪು ಹಸಿರಾಗುತ್ತದೆ, ವಾಸನೆ ಮೂಗಿಗೆ ಅಡರುತ್ತದೆ. ಅದನ್ನು ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯಿತು. ಬಿಸಿ ಅನ್ನ, ತಂಬುಳಿ, ಮಾವಿನ ಮಿಡಿ ಉಪ್ಪಿನಕಾಯಿ. ಪಂಚೆ ಕಟ್ಟಿ ನೆಲದ ಮೇಲೆ ಕೂತು, ತಟ್ಟೆ ಎತ್ತಿ ಕೊನೆಯ ಗುಟುಕು ಸೊರ್ರನೆ ಕುಡಿದರೆ "ಏನಪ್ಪಾ ಇದು" ಅಂತ ಮುಖ ಕಿವುಚಲು ಮಗಳು ಅಲ್ಲಿ ಇರುವುದಿಲ್ಲ. ಈ ಸುಖ ಸುಳ್ಳಲ್ಲ.

ಸುಖಗಳು ಇನ್ನೂ ಇವೆ. ಪೇಪರ್ ನನಗಿಂತ ಮೊದಲು ಯಾರೂ ಬಿಡಿಸುವುದಿಲ್ಲ. ಫ್ಯಾನು ನಾಲ್ಕರಲ್ಲೇ ಇರುತ್ತದೆ. ಸ್ನಾನ ಮಾಡುವಾಗ ಎಷ್ಟು ಜೋರಾಗಿ ಬೇಕಾದರೂ ಹಾಡಬಹುದು. ಕರೆಂಟ್ ಬಿಲ್ಲೂ ಸೊನ್ನೆ. ಇದೊಂದು ತಮಾಷೆ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಸುಮ್ನೆ 200 ಯೂನಿಟ್ ಕೊಡುವುದಿಲ್ಲ. ಹಿಂದಿನ ವರ್ಷ ಆ ಮೀಟರಿನಲ್ಲಿ ಓಡಿದ ಸರಾಸರಿ ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸಿ ಕೊಡುತ್ತಾರೆ. 200 ಅನ್ನುವುದು ಮೇಲಿನ ಮಿತಿ. ನನಗಿಂತ ಮೊದಲು ಈ ಮನೆಯಲ್ಲಿ ಇದ್ದದ್ದು ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರ. ಅವರ ಗೀಸರು, ಅವರ ಮಿಕ್ಸಿ, ಅವರ ಕಾರ್ಟೂನು ಎಲ್ಲ ಸೇರಿ ಸರಾಸರಿ ಜಾಸ್ತಿ ಇತ್ತು. ನಾನು ಎಷ್ಟು ಲೈಟು ಉರಿಸಿದರೂ ಅವರ ಹತ್ತಿರ ಹೋಗಲಾರೆ. ಮುಖ ನೋಡದ ನಾಲ್ಕು ಜನರ ಲೆಕ್ಕದಲ್ಲಿ ನಾನೊಬ್ಬ ಫ್ಯಾನು ತಿರುಗಿಸಿಕೊಂಡಿದ್ದೇನೆ.

ತಾಪತ್ರಯ ಶುರುವಾಗುವುದು ಮನೆಯಲ್ಲಿ ಯಾರಾದರೂ ಇರಲೇಬೇಕಾದ ಕೆಲಸ ಬಂದಾಗ. ಗ್ಯಾಸ್ ಸಿಲಿಂಡರ್ ಬರುವುದು ಹಗಲು ಹೊತ್ತಿನಲ್ಲಿ. ಆಗ ನಾನು ಬ್ಯಾಂಕಿನಲ್ಲಿ. ಸಿಲಿಂಡರಿನವನು ಗೇಟಿನಿಂದ ಫೋನ್ ಮಾಡುತ್ತಾನೆ, "ಸರ್ ಓಟಿಪಿ ಹೇಳಿ." ದಿನವಿಡೀ ಗಿರಾಕಿಗಳಿಗೆ "ಓಟಿಪಿ ಯಾರಿಗೂ ಹೇಳಬೇಡಿ" ಅಂತ ಪಾಠ ಮಾಡುವವನು ನಾನು. ಅದೇ ಕುರ್ಚಿಯಲ್ಲಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ನಾಲ್ಕು ಅಂಕಿ ಪಿಸುಗುಟ್ಟಬೇಕು. ಪುಣ್ಯಕ್ಕೆ ಒಬ್ಬನಿಗೆ 14.2 ಕೆಜಿಯ ಒಂದು ಸಿಲಿಂಡರ್ ಐದು ತಿಂಗಳು ಬರುತ್ತದೆ. ಶಿವಮೊಗ್ಗದ ಮನೆಯಲ್ಲಿ ಎಷ್ಟು ದಿನ ಬರುತ್ತಿತ್ತು? ಕೇಳಿದರೆ ನನಗೆ ಗೊತ್ತಿರಲಿಲ್ಲ.

2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್ಲುಗಳೆಲ್ಲ ಕೈಕೊಟ್ಟು ಊರು ತುಂಬ ಟ್ಯಾಂಕರ್ ಓಡಾಡಿದ ವರ್ಷ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೀರು. ಒಂದು ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದೆ, ನೀರಿಲ್ಲ, ಹಾಗೇ ಆಫೀಸಿಗೆ ಹೋದೆ. ನಲ್ಲಿ ತಿರುಗಿಸಿದ್ದು ಹಾಗೇ ಇತ್ತು. ಸಂಜೆ ಬಂದರೆ ಬಾಗಿಲ ಕೆಳಗಿಂದ ಕಾವೇರಿ ಹರಿದು ಮೆಟ್ಟಿಲಿಳಿಯುತ್ತಿದ್ದಳು. ಅಸೋಸಿಯೇಷನ್ನಿನ ಗ್ರೂಪಿನಲ್ಲಿ ನನ್ನ ಮನೆ ನಂಬರು ಹಾಕಿ ಹನ್ನೆರಡು ಮೆಸೇಜು. ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ನೀರನ್ನು ಮೆಟ್ಟಿಲು ತೊಳೆಯಲು ಬಿಟ್ಟವನು ಅನ್ನಿಸಿಕೊಂಡೆ. ಅವರು ಬೈದದ್ದು ಸರಿಯಾಗಿಯೇ ಇತ್ತು.

ಆದರೆ ಬಿಲ್ಡಿಂಗಿಗೆ ನನ್ನ ಪರಿಚಯ ನಿಜವಾಗಿ ಆದದ್ದು ಅದೇ ವರ್ಷದ ಆಷಾಢದಲ್ಲಿ.

ಬೆಳಿಗ್ಗೆ ಆರೂಮುಕ್ಕಾಲು. ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಹಿಂದಿನ ರಾತ್ರಿ ಹಸಿ ಕಸದ ಬಕೆಟ್ ಹೊರಗಿಡಲು ಮರೆತಿದ್ದೆ. ಕಸ ಒಯ್ಯುವಾಕೆ ಲಿಫ್ಟಿನ ಹತ್ತಿರ ಇದ್ದದ್ದು ಕಾಣಿಸಿತು. ಬಕೆಟ್ ಹಿಡಿದು ಓಡಿದೆ. ಹಿಂದೆ ಧಡಾರ್ ಅಂತ ಸದ್ದು. ಬಾಲ್ಕನಿಯಿಂದ ನುಗ್ಗಿದ ಗಾಳಿ ಬಾಗಿಲು ಬಡಿದಿತ್ತು. ನಮ್ಮದು ಬಡಿದರೆ ತಾನೇ ಲಾಕ್ ಆಗುವ ಬಾಗಿಲು. ಒಳಗೆ ಬೀಗದ ಕೈ, ಫೋನು, ಕನ್ನಡಕ, ಉರಿಯುವ ಒಲೆ. ಹೊರಗೆ ನಾನು, ಒಂದು ಪಂಚೆ, ಒಂದು ಬನಿಯನ್ನು. ಎಡಗೈ ತೋಳಿನ ಹತ್ತಿರ ತೂತಾದ ಬನಿಯನ್ನು.

ಕುಕ್ಕರ್ ಮೊದಲ ಸಲ ಕೂಗಿತು.

ಯಾರಿಗೆ ಫೋನ್ ಮಾಡುವುದು? ಕಸದಾಕೆ ತನ್ನ ಫೋನ್ ಕೊಟ್ಟಳು. ಕೈಯಲ್ಲಿ ಹಿಡಿದು ನಿಂತೆ. ಒಂದು ನಂಬರೂ ನೆನಪಿಗೆ ಬರಲಿಲ್ಲ. ಹೆಂಡತಿಯದೂ ಇಲ್ಲ, ಓನರದೂ ಇಲ್ಲ. ತಲೆಯಲ್ಲಿ ಇದ್ದದ್ದು ಒಂದೇ, 08182 ಸೇರಿಸಿ ಶಿವಮೊಗ್ಗದ ಮನೆಯ ಹಳೆಯ ಲ್ಯಾಂಡ್‌ಲೈನು. ಅದನ್ನು ಕಟ್ ಮಾಡಿಸಿ ಆರು ವರ್ಷವಾಗಿತ್ತು. ಎರಡನೇ ಕೂಗು. ಮೂರನೆಯದು. ಬೇಳೆ ಬೆಂದಿತ್ತು. ಕೈ ಅಭ್ಯಾಸಬಲದಿಂದ ಗಾಳಿಯಲ್ಲಿ ನಾಬ್ ತಿರುಗಿಸಿತು.

ಎದುರು ಮನೆಯ ಬಾಗಿಲು ತೆರೆಯಿತು. ಅಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದರು. ಒಂದು ವರ್ಷದಲ್ಲಿ ನಾವು ಲಿಫ್ಟಿನಲ್ಲಿ ಎರಡು ಸಲ ನಕ್ಕಿದ್ದು ಬಿಟ್ಟರೆ ಮಾತಿಲ್ಲ. ನನ್ನ ಅವತಾರ ನೋಡಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರೇನೋ ಅಂದುಕೊಂಡೆ. ಒಂದು ಶಾಲು ತಂದು ಕೈಗೆ ಕೊಟ್ಟರು. "ಮೊದಲು ಇದನ್ನ ಹೊದ್ಕೊಳಪ್ಪ. ಗ್ಯಾಸ್ ಉರೀತಿದೆಯಾ?" ಉರೀತಿದೆ ಅಮ್ಮ ಅಂದೆ. ಆರನೇ ಕೂಗು.

ಅಷ್ಟರಲ್ಲಿ ವಾಚ್‌ಮನ್ ಬಂದ. ರಾಯಚೂರು ಕಡೆಯವನು. "ಯಾಕ್ರೀ ಸರ, ಹೊರಗ ನಿಂತೀರಿ?" ಅಂದ. ಉತ್ತರ ಹೇಳುವ ಮೊದಲೇ ಕಾರಿಡಾರಿನ ಕಿಟಕಿಗೆ ಮುಖ ಒತ್ತಿ ಒಳಗೆ ನೋಡಿದ. ಒಲೆ ಕಿಟಕಿಯ ಕೆಳಗೇ ಇತ್ತು. ಕಿಟಕಿ ತೆರೆದಿತ್ತು. ಗ್ರಿಲ್ಲಿನ ಸಂದಿಯಲ್ಲಿ ಕೈ ಹಾಕಿದ, ಮೊಣಕೈವರೆಗೆ ಹೋಯಿತು, ನಾಬ್ ಮುಟ್ಟಲಿಲ್ಲ. "ಬಡಿಗಿ ಇದ್ರ ಕೊಡ್ರಿ" ಅಂದ. ಎದುರು ಮನೆಯ ಅಮ್ಮ ತಮ್ಮ ಊರುಗೋಲನ್ನೇ ಕೊಟ್ಟರು. ಗೋಡೆ ಹಿಡಿದು ನಿಂತರು.

ಈಗ ಕಾರಿಡಾರಿನಲ್ಲಿ ಎಂಟು ಜನ. ಸ್ಕೂಲು ಯೂನಿಫಾರ್ಮಿನ ಎರಡು ಮಕ್ಕಳು ಕೂಗು ಎಣಿಸುತ್ತಿದ್ದವು. "ಎಯ್ಟ್... ನೈನ್..." ಕೋಲಿನ ತುದಿ ನಾಬಿನ ಅಂಚಿಗೆ ತಾಗುತ್ತದೆ, ಜಾರುತ್ತದೆ. ಮತ್ತೆ ತಾಗುತ್ತದೆ, ಜಾರುತ್ತದೆ. ಒಂದು ಸಲ ತಿರುಗಿತು, ಆದರೆ ಸಿಮ್ಮಿನ ಕಡೆಗೆ. ವಾಚ್‌ಮನ್ ಉಸಿರು ಬಿಗಿಹಿಡಿದು ಕೋಲನ್ನು ಇನ್ನೊಂದು ಬದಿಗೆ ತಂದ. ಬಾಗಿದ ಹಿಡಿಯನ್ನು ಒಳಕ್ಕೆ ಬಿಟ್ಟು, ನಾಬಿಗೆ ಸಿಕ್ಕಿಸಿ ಎಳೆದ. ಬೇಳೆ ತಳ ಹಿಡಿದ ವಾಸನೆ ಬರತೊಡಗಿತ್ತು. ಹನ್ನೊಂದನೇ ಸಲ ಕೂಗಿ, ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು ಕುಕ್ಕರ್ ಸುಮ್ಮನಾಯಿತು. ಮಕ್ಕಳು ಚಪ್ಪಾಳೆ ತಟ್ಟಿದವು.

ಬೀಗದವನು ಬರಲು ಮುಕ್ಕಾಲು ಗಂಟೆ. ಅಲ್ಲಿವರೆಗೆ ಎದುರು ಮನೆಯ ಸೋಫಾದ ಮೇಲೆ, ಹೂವಿನ ಅಂಚಿನ ಹೆಂಗಸರ ಶಾಲು ಹೊದ್ದು, ಕಾಫಿ ಕುಡಿದೆ. ಹಾಸನದ ಕಡೆಯವರಂತೆ. ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಮಗ ಕೆನಡಾದಲ್ಲಿ. "ನಾನೂ ಒಬ್ಬಳೇ ಕಣಪ್ಪ. ನಿಮ್ ಹತ್ರ ಇನ್ನೊಂದು ಕೀ ಇರ್ಲಿ ಅಂತ ಯಾರಿಗೂ ಕೊಟ್ಟಿಲ್ಲ. ಯಾರಿಗೆ ಕೊಡೋದು?" ಅಂದರು. ಬೀಗದವನು ಬಂದು ಎರಡೇ ನಿಮಿಷದಲ್ಲಿ ಬಾಗಿಲು ತೆಗೆದು 600 ರೂಪಾಯಿ ತೆಗೆದುಕೊಂಡು ಹೋದ. ಎರಡೇ ನಿಮಿಷ ಅನ್ನುವುದು ಆಮೇಲೆ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಅವತ್ತು ಸಂಜೆ ಕೀ ಮಾಡಿಸಿ ಅವರಿಗೊಂದು ಕೊಟ್ಟೆ. ಮಾರನೆ ದಿನ ಅವರದೊಂದು ನನ್ನ ಕೈಗೆ ಬಂತು, ಹಳದಿ ದಾರ ಕಟ್ಟಿದ್ದು. ಹೆಂಡತಿಯ ನಂಬರನ್ನು ಬಾಯಿಪಾಠ ಮಾಡಿದೆ. ಈಗಲೂ ಮೆಟ್ರೋದಲ್ಲಿ ಹೊಸಹಳ್ಳಿ ದಾಟುವಾಗ ಒಂದು ಸಲ ಹೇಳಿಕೊಳ್ಳುತ್ತೇನೆ. ಹೆಂಡತಿಗೆ ಕಥೆಯೆಲ್ಲ ಹೇಳಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ಯಾವ ಬನಿಯನ್ನು? ಆ ತೂತಿನದಾ?"

ಕೀ ಕೊಟ್ಟದ್ದು ನವೆಂಬರಿನಲ್ಲಿ ಕೆಲಸಕ್ಕೆ ಬಂತು. ವೈರಲ್ ಜ್ವರ. ಒಬ್ಬನೇ ಇರುವವನಿಗೆ ಜ್ವರ ಬಂದರೆ ಕಷ್ಟ ಜ್ವರದ್ದಲ್ಲ, ಮಂಚದಿಂದ ನೀರಿನ ಕ್ಯಾನಿನವರೆಗಿನ ಹದಿನಾಲ್ಕು ಹೆಜ್ಜೆಯದು. ಮನೆಗೆ ಫೋನಿನಲ್ಲಿ "ಸ್ವಲ್ಪ ನೆಗಡಿ ಅಷ್ಟೇ" ಅಂತ ಸುಳ್ಳು ಹೇಳಿದ್ದೆ. ಎರಡನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಕೀ ತಿರುಗಿದ ಸದ್ದು. "ಎರಡು ದಿನದಿಂದ ಹಾಲಿನ ಪ್ಯಾಕೆಟ್ ಹಂಗೇ ನೇತಾಡ್ತಿತ್ತು, ಅದಕ್ಕೇ ತೆಗೆದೆ" ಅಂತ ಗಂಜಿಯ ಪಾತ್ರೆ ಹಿಡಿದು ಬಂದರು. ಗಂಜಿಗೆ ಉಪ್ಪು ಇರಲಿಲ್ಲ. ಅವರಿಗೆ ಬಿಪಿ, ಅಡುಗೆಗೆ ಉಪ್ಪು ಹಾಕುವುದೇ ಕಡಿಮೆ. ನಾನು ಮಾತಾಡದೆ ಕುಡಿದೆ.

ಸಂಜೆಗಳು ಮಾತ್ರ ಈಗಲೂ ಸ್ವಲ್ಪ ಕಷ್ಟವೇ. ಏಳೂವರೆಗೆ ಬಾಗಿಲು ತೆಗೆದರೆ ಬೆಳಿಗ್ಗೆ ಕುರ್ಚಿಯ ಮೇಲೆ ಬಿಸಾಕಿದ ಟವೆಲ್ಲು ಹಾಗೇ ಇರುತ್ತದೆ. ಯಾರೂ ಎತ್ತಿಡುವುದಿಲ್ಲ, ಎತ್ತಿಡಿ ಅಂತ ಬೈಯುವುದೂ ಇಲ್ಲ. ಆ ಹೊತ್ತಿಗೆ ಟಿವಿ ಹಾಕುತ್ತೇನೆ. ನೋಡುವುದಕ್ಕಲ್ಲ, ಒಂದು ಗಲಾಟೆ ಇರಲಿ ಅಂತ. ಶನಿವಾರಗಳ ಲೆಕ್ಕ ಹಾಕುತ್ತೇನೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. 2015ರಲ್ಲಿ ಆ ರಜೆ ಬಂದಾಗ ಇದರ ಬೆಲೆ ನನಗೆ ಗೊತ್ತಿರಲಿಲ್ಲ. ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಶಿವಮೊಗ್ಗ. ಅಲ್ಲಿ ಹೋಗಿ ಅಡುಗೆಮನೆಯಲ್ಲಿ ಕೈಯಾಡಿಸಿದರೆ ಹೆಂಡತಿ ಓಡಿಸುತ್ತಾಳೆ. "ನೀವು ಒಬ್ಬರಿಗೇ ಆಗೋಷ್ಟು ಅಕ್ಕಿ ಇಟ್ಟಿದೀರಲ್ರೀ!" ಅಂತ ಒಂದು ಸಲ ನಕ್ಕಿದ್ದಳು. ನಿಜ, ಕೈ ತಾನಾಗಿಯೇ ಅರ್ಧ ಲೋಟ ಅಳೆದಿತ್ತು.

ಇನ್ನು ಕಾಯಿ. ಕಳೆದ ವರ್ಷ ಕಾಯಿಯ ಬೆಲೆ ಏರಿತಲ್ಲ, ಆಗ ಎದುರು ಮನೆಯ ಅಮ್ಮ ಒಂದು ದಿನ ಬೆಲ್ ಮಾಡಿ, "ನೋಡಪ್ಪ, ನಂಗೂ ಅರ್ಧ ದಂಡ, ನಿಂಗೂ ಅರ್ಧ ದಂಡ. ಒಂದೇ ಕಾಯಿ ಒಡೆಯೋಣ" ಅಂದರು. ಅಂದಿನಿಂದ ವಾರಕ್ಕೊಂದು ಕಾಯಿ ನಮ್ಮಿಬ್ಬರ ಮಧ್ಯೆ. ಒಡೆಯುವ ಕೆಲಸ ನನ್ನದು, ಅವರಿಗೆ ಮಣಿಕಟ್ಟು ನೋವು. ಕಾಯಿಯ ನೀರು ಒಡೆದವರಿಗೆ. ಹೋಳು ಹಂಚುವುದರಲ್ಲಿ ಮಾತ್ರ ಕಟ್ಟುನಿಟ್ಟು. ಕಣ್ಣಿರುವ ಹೋಳು ಬೇಗ ಕೆಡುತ್ತದೆ, ಅದನ್ನು ಮೊದಲು ಖರ್ಚು ಮಾಡಬೇಕು ಅಂತ ನಮ್ಮಮ್ಮನೂ ಹೇಳುತ್ತಿದ್ದರು, ಇವರೂ ಹೇಳುತ್ತಾರೆ. ಅದಕ್ಕೆ ಸರದಿ. ಈ ವಾರ ಕಣ್ಣಿನದು ಅವರಿಗೆ ಅಂದರೆ ಮುಂದಿನ ವಾರ ನನಗೆ. ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಸುಮಾರು ಬ್ರಾಂಚುಗಳ ಲೆಜರ್ ನೋಡಿದ್ದೇನೆ, ಇಷ್ಟು ಸರಿಯಾದದ್ದು ಕಂಡಿಲ್ಲ.

ಹೋದ ವಾರ ಕಣ್ಣಿನ ಹೋಳಿನ ಸರದಿ ನನ್ನದು. ಗುರುವಾರ ಸಂಜೆ ಕಾಯಿ ಒಡೆದು ಎರಡೂ ಹೋಳನ್ನು ಅವರ ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ಹೋದೆ. "ನಾಳೆ ಊರಿಗಾ?" ಅಂದರು. ಹೌದಮ್ಮ, ಸೋಮವಾರ ಬೆಳಿಗ್ಗೆ ಬರ್ತೀನಿ ಅಂದೆ. ಒಂದು ಹೋಳನ್ನು ಡಬ್ಬಿಗೆ ಹಾಕಿ ಮುಚ್ಚಿ ಕೊಟ್ಟರು. ತಂದು ಫ್ರಿಡ್ಜ್‌ನಲ್ಲಿಟ್ಟು ಮರೆತೆ. ಸೋಮವಾರ ನಸುಕಿನಲ್ಲಿ ರೈಲಿಳಿದು ಬಂದು, ಹೋಗಿಯೇಬಿಟ್ಟಿರುತ್ತದೆ ಅಂದುಕೊಂಡು ಡಬ್ಬಿ ತೆಗೆದೆ. ಬೆಳ್ಳಗೆ, ಗಟ್ಟಿಯಾಗಿ, ಹಾಗೇ ಇತ್ತು. ತಿರುಗಿಸಿ ನೋಡಿದೆ. ಕಣ್ಣಿಲ್ಲದ ಹೋಳು.